ಚಕ್ರದ ಮೇಲಿನ ಎರಡನೆಯ ಸಂಸಾರ

ಟ್ರೇಲರ್ ಎಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಟ್ರ್ಯಾಕ್ಟರಿನ ಬೆನ್ನ ಹಿಂದೆ ಕಬ್ಬನ್ನೋ ಹುಲ್ಲನ್ನೋ ಹೇರಿಕೊಂಡು ಓಲಾಡುತ್ತ ಹೋಗುವ ಗಾಡಿ. ಅಮೆರಿಕದಲ್ಲಿ ಅದೇ ಹೆಸರಿನ ಇನ್ನೊಂದು ಗಾಡಿಯಿದೆ. ಅದರೊಳಗೆ ಮಂಚವುಂಟು, ಒಲೆಯುಂಟು, ಬಚ್ಚಲುಂಟು, ಊಟದ ಮೇಜೂ ಉಂಟು. ಕಾರಿನ ಹಿಂದಿನ ಕೊಂಡಿಗೆ ಸಿಕ್ಕಿಸಿ ಹೊರಟರೆ ಮನೆಯೇ ನಮ್ಮ ಹಿಂದೆ ಬರುತ್ತದೆ.

ಇಂಥ ಮನೆಗಳನ್ನು ಎಳೆದುಕೊಂಡು ದೇಶ ಸುತ್ತುವವರಲ್ಲಿ ನಿವೃತ್ತರು ಬಹಳ. ಅವರೆಲ್ಲರೂ ಯೌವನದಿಂದ ಕೂಡಿ ಬಾಳಿದ ದಂಪತಿಗಳೇನಲ್ಲ. ಸಂಗಾತಿ ತೀರಿಕೊಂಡ ಮೇಲೋ, ವಿಚ್ಛೇದನವಾದ ಮೇಲೋ, ಅರುವತ್ತರ ಅಂಚಿನಲ್ಲಿ ಇನ್ನೊಬ್ಬರನ್ನು ಮೆಚ್ಚಿ ಜೊತೆಯಾದವರೂ ಇದ್ದಾರೆ. ಅಮೆರಿಕದಲ್ಲಿ ಐವತ್ತು ದಾಟಿದವರ ವಿಚ್ಛೇದನದ ಪ್ರಮಾಣ 1990ರಿಂದ 2010ರ ನಡುವೆ ಇಮ್ಮಡಿಯಾಯಿತು: ವಿವಾಹಿತರಲ್ಲಿ ಸಾವಿರಕ್ಕೆ ಸುಮಾರು 5 ಇದ್ದದ್ದು ಸುಮಾರು 10ಕ್ಕೆ ಏರಿತು. ಆದ್ದರಿಂದ ಆ ವಯಸ್ಸಿನಲ್ಲಿ ಒಂಟಿಯಾಗುವವರಿಗೂ, ಮತ್ತೆ ಜೊತೆ ಅರಸುವವರಿಗೂ ಅಲ್ಲಿ ಕೊರತೆಯಿಲ್ಲ. ಮೊಮ್ಮಕ್ಕಳನ್ನು ಆಡಿಸುವ ಕಾಲದಲ್ಲಿ ಇದೇನು ಹುಡುಗಾಟ ಎಂದು ನಮ್ಮ ಪಾಲಕರಿಗೆ ಅನ್ನಿಸಬಹುದು. ಅಲ್ಲಿನ ಮಕ್ಕಳಿಗೂ ಹಾಗೆ ಅನ್ನಿಸುವುದುಂಟು. ಆ ಮಾತಿಗೆ ಆಮೇಲೆ ಬರೋಣ.

ಮೊದಲು ಗಾಡಿಯ ವಿಷಯ. ವ್ಯಾಲಿ ಬೈಯಮ್ ಎಂಬಾತ ವಿಮಾನದ ಒಡಲಿನಂತೆ ಅಲ್ಯೂಮಿನಿಯಂ ತಗಡುಗಳಿಗೆ ರಿವೆಟ್ ಹೊಡೆದು 'ಏರ್‌ಸ್ಟ್ರೀಮ್ ಕ್ಲಿಪರ್' ಎಂಬ ಟ್ರೇಲರನ್ನು 1936ರಲ್ಲಿ ಮಾರುಕಟ್ಟೆಗೆ ತಂದ. ಗಾಳಿಯನ್ನು ಸೀಳಿಕೊಂಡು ಹೋಗುವ ದುಂಡು ಮೈ, ತೂಕ ಕಡಿಮೆ. ತನ್ನ ಗಿರಾಕಿಗಳನ್ನು ಗುಂಪುಗೂಡಿಸಿಕೊಂಡು 1951ರಲ್ಲಿ ಮಧ್ಯ ಅಮೆರಿಕದ ಕಡೆಗೆ, 1959ರಲ್ಲಿ ಆಫ್ರಿಕದ ಕೇಪ್‌ಟೌನಿನಿಂದ ಕೈರೋ ಕಡೆಗೆ ಟ್ರೇಲರುಗಳ ಸಾಲನ್ನೇ ಹೊರಡಿಸಿದ. ವಿದ್ಯಾರ್ಥಿಗಳಿಗೆ ಇನ್ನೊಂದು ಸಂಗತಿ ಹಿಡಿಸೀತು. 1969ರಲ್ಲಿ ಅಪೋಲೋ 11ರ ಮೂವರು ಗಗನಯಾತ್ರಿಗಳು ಮರಳಿದಾಗ, ಚಂದ್ರನಿಂದ ಯಾವ ರೋಗಾಣು ಬಂದಿದೆಯೋ ಎಂಬ ಭಯದಿಂದ ಅವರನ್ನು ಮೊದಲು ಕೂಡಿಹಾಕಿದ್ದು ಇದೇ ಕಂಪನಿಯ ಮಾರ್ಪಡಿಸಿದ ಟ್ರೇಲರಿನಲ್ಲಿ! ಚಂದ್ರನ ಮೇಲೆ ಓಡಾಡಿ ಬಂದವರೂ ಅದರ ಕಿಟಕಿಯ ಗಾಜಿನಿಂದಲೇ ಅಧ್ಯಕ್ಷರೊಡನೆ ಮಾತಾಡಬೇಕಾಯಿತು.

ಟ್ರೇಲರ್ ಸಂಸಾರದ ಕಷ್ಟವನ್ನು ಅಮೆರಿಕದವರು 1954ರಷ್ಟು ಹಿಂದೆಯೇ ನಗೆಚಿತ್ರವಾಗಿಸಿದ್ದಾರೆ. 'ದಿ ಲಾಂಗ್, ಲಾಂಗ್ ಟ್ರೇಲರ್' ಎಂಬ ಆ ಚಿತ್ರದಲ್ಲಿ ಹೊಸದಾಗಿ ಮದುವೆಯಾದ ಹುಡುಗಿ ಹೋದ ಹೋದಲ್ಲಿ ಚೆಂದದ ಕಲ್ಲುಗಳನ್ನು ಆರಿಸಿ ಗಾಡಿಯಲ್ಲಿ ತುಂಬುತ್ತಾಳೆ. ಬೆಟ್ಟದ ದಾರಿ ಹತ್ತುವ ಮುಂಚೆ ಎಲ್ಲವನ್ನೂ ಎಸೆಯಬೇಕೆಂದು ಗಂಡ ಹೇಳಿದರೆ, ಆಕೆ ಗುಟ್ಟಾಗಿ ಉಳಿಸಿಕೊಳ್ಳುತ್ತಾಳೆ. ಮುಂದಾಗುವ ಅನಾಹುತವನ್ನು ಊಹಿಸಲು ಭೌತವಿಜ್ಞಾನ ಬೇಕಿಲ್ಲ. ಆದರೂ ನಮ್ಮ ಕಸುಬು ಬಿಡುವುದೆಂತು? ಟ್ರೇಲರಿನ ಒಟ್ಟು ತೂಕದಲ್ಲಿ ಶೇಕಡಾ 10ರಿಂದ 15ರಷ್ಟು ಕೊಂಡಿಯ ಮೇಲೆ ಬೀಳಬೇಕು. ಭಾರವೆಲ್ಲ ಹಿಂಬದಿಗೆ ಸೇರಿದರೆ ವೇಗ ಹೆಚ್ಚಿದಾಗ ಗಾಡಿ ಬಾಲ ಬೀಸತೊಡಗುತ್ತದೆ. ಆ ಬೀಸು ಮುಂದಿನ ವಾಹನವನ್ನೂ ರಸ್ತೆಯಿಂದಾಚೆ ಎಳೆಯಬಲ್ಲುದು.

ತರುಣ ದಂಪತಿಗಳಿಗೆ ಇದು ಕಲ್ಲಿನ ಪ್ರಶ್ನೆ. ತಡವಾಗಿ ಜೊತೆಯಾದವರಿಗೆ ಹಾಗಲ್ಲ. ಇಬ್ಬರ ಹಿಂದೆಯೂ ಒಂದೊಂದು ತುಂಬಿದ ಮನೆ. ಆಕೆಯ ಮೊದಲ ಗಂಡ ಕೊಡಿಸಿದ ಪಿಂಗಾಣಿ ತಟ್ಟೆಗಳು, ಈತನ ಮೊದಲ ಹೆಂಡತಿ ಹೊಲಿದ ಹೊದಿಕೆ, ಮಕ್ಕಳ ಆಲ್ಬಂ, ಯಾರೂ ಓದದ ಪುಸ್ತಕದ ರಾಶಿ. ನಮ್ಮ ಒಂದು ಅಡಿಗೆಮನೆಯಷ್ಟು ಜಾಗದಲ್ಲಿ ಎರಡು ಸಂಸಾರಗಳ ಸಾಮಾನು ಹಿಡಿಯುವುದೆಲ್ಲಿ? ಯಾವುದನ್ನು ಮಾರುವುದು, ಯಾವುದನ್ನು ಮಕ್ಕಳಿಗೆ ಕೊಡುವುದು, ಯಾವ ಭಾವಚಿತ್ರಕ್ಕೆ ಗೋಡೆಯ ಮೇಲೆ ಜಾಗ ಎಂಬ ಮಾತುಕತೆ ಹೊರಡುವ ಮೊದಲೇ ಮುಗಿಯಬೇಕು. ತೀರಿಕೊಂಡವರ ಚಿತ್ರವೊಂದು ಹೊಸ ಗಾಡಿಗೆ ಹತ್ತುವುದಾದರೆ ಅದಕ್ಕೆ ಇನ್ನೊಬ್ಬರ ಒಪ್ಪಿಗೆ ಇರಬೇಕು. ನನ್ನ ದೃಷ್ಟಿಯಲ್ಲಿ ಈ ಒಪ್ಪಿಗೆಯೇ ನಿಜವಾದ ಲಗ್ನ.

ಒಂಟಿ ಪ್ರಯಾಣಿಕರಿಗೆಂದೇ 'ಲೋನರ್ಸ್ ಆನ್ ವೀಲ್ಸ್' ಎಂಬ ಸಂಘವನ್ನು ಎಡಿತ್ ಲೇನ್ ಎಂಬ ಮಹಿಳೆ 1970ರ ಆಸುಪಾಸಿನಲ್ಲಿ ಕಟ್ಟಿದರು. ಒಂಟಿಯಾದವರು ಹೆದರದೆ ಗುಂಪಿನಲ್ಲಿ ಬಿಡಾರ ಹೂಡಲಿ ಎಂಬುದು ಉದ್ದೇಶ. ಇದು ವಧೂವರರ ಕೇಂದ್ರವಲ್ಲ ಎಂದು ಸಂಘ ಖಂಡಿತವಾಗಿ ಹೇಳಿಕೊಂಡಿದೆ. ಆದರೆ ಒಂದೇ ಬೆಂಕಿಯ ಸುತ್ತ ದಿನವೂ ಕುಳಿತವರು ಎಷ್ಟು ದಿನ ಒಂಟಿಯಾಗಿ ಉಳಿದಾರು? ತಮಾಷೆಯೆಂದರೆ, ಜೊತೆ ಸಿಕ್ಕವರಿಗೆ ಒಂಟಿಗರ ಸಂಘದಲ್ಲಿ ಜಾಗವಿಲ್ಲ.

ಚಳಿಗಾಲದಲ್ಲಿ ಇವರೆಲ್ಲ ಹಕ್ಕಿಗಳಂತೆ ದಕ್ಷಿಣಕ್ಕೆ ಇಳಿಯುತ್ತಾರೆ. ಅರಿಜೋನಾ ಮರುಭೂಮಿಯ ಕ್ವಾರ್ಟ್‌ಸೈಟ್ ಎಂಬ ಸಣ್ಣ ಊರಿನ ಸುತ್ತಲಿನ ಸರ್ಕಾರಿ ಭೂಮಿಯಲ್ಲಿ ಸೆಪ್ಟೆಂಬರ್ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ ಬಿಡಾರ ಹೂಡಬಹುದು. ರಾಷ್ಟ್ರೀಯ ಉದ್ಯಾನಗಳಿಗೆ ಹೋಗುವುದಾದರೆ, 62 ತುಂಬಿದ ನಾಗರಿಕರಿಗೆ ಆಜೀವ ಪಾಸ್ ಇದೆ. 2017ರವರೆಗೆ 10 ಡಾಲರ್ ಇದ್ದ ಬೆಲೆ ಆಮೇಲೆ 80 ಆಯಿತು. ಒಬ್ಬರ ಪಾಸಿನಲ್ಲಿ ಅದೇ ಕಾರಿನ ಇನ್ನೊಬ್ಬರೂ ಒಳಹೋಗಬಹುದು.

ಊರು ಮುಟ್ಟಿದೊಡನೆ ಆಗಬೇಕಾದ ಕೆಲಸ ಗಾಡಿಯನ್ನು ಸಮಮಟ್ಟಕ್ಕೆ ನಿಲ್ಲಿಸುವುದು. ಗಾರೆಯವರ ಬಳಿ ಇರುವಂಥ ರಸಮಟ್ಟವನ್ನು ಒಬ್ಬರು ನೋಡುತ್ತ ಕೂಗಿ ಹೇಳಿದಂತೆ ಇನ್ನೊಬ್ಬರು ಚಕ್ರದಡಿ ಹಲಗೆ ಕೊಡುತ್ತಾರೆ. ಇಷ್ಟೇಕೆ ಅಂದಿರಾ? ಹಳೆಯ ಟ್ರೇಲರುಗಳ ತಂಗಳುಪೆಟ್ಟಿಗೆಯಲ್ಲಿ ಕಂಪ್ರೆಸರ್ ಇರುವುದಿಲ್ಲ. ಗ್ಯಾಸಿನ ಸಣ್ಣ ಉರಿಯಿಂದ ಅಮೋನಿಯವನ್ನು ಕುದಿಸಿ, ಅದು ಆವಿಯಾಗಿ, ತಣಿದು, ಮತ್ತೆ ನೀರಿನಲ್ಲಿ ಕರಗಿ ಸುತ್ತುವಾಗ ತಂಪಾಗುತ್ತದೆ. ಬೆಂಕಿಯಿಂದ ತಂಪು! ಇದನ್ನು 1922ರಲ್ಲಿ ರೂಪಿಸಿದವರು ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳು, ಫಾನ್ ಪ್ಲಾಟೆನ್ ಮತ್ತು ಮುಂಟರ್ಸ್. ಒಳಗಿನ ದ್ರವ ಹರಿಯುವುದು ಗುರುತ್ವದಿಂದ. ಗಾಡಿ ಓರೆಯಾಗಿ ನಿಂತರೆ ಹರಿವು ನಿಂತು ಹಾಲು ಒಡೆಯುತ್ತದೆ.

ಅದಕ್ಕೂ ಮೊದಲಿನ ಪರೀಕ್ಷೆ ಹಿಂದಕ್ಕೆ ಸರಿಸುವುದು. ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸಿದರೆ ಟ್ರೇಲರ್ ಬಲಕ್ಕೆ ಹೋಗುತ್ತದೆ. ಒಬ್ಬರು ಚಾಲನೆಯಲ್ಲಿ, ಇನ್ನೊಬ್ಬರು ಹಿಂದೆ ನಿಂತು ಕೈಸನ್ನೆಯಲ್ಲಿ. ಅಕ್ಕಪಕ್ಕದವರು ಕುರ್ಚಿ ಹಾಕಿಕೊಂಡು ನೋಡುವ ಜಗಳ ನಡೆಯುವುದು ಆಗಲೇ ಅಂತೆ. ಕಕ್ಕಸಿನ ತೊಟ್ಟಿಯನ್ನು ಖಾಲಿ ಮಾಡುವ ಸರದಿ ಯಾರದು ಎಂಬುದೂ ಪ್ರೇಮಪತ್ರಗಳಲ್ಲಿ ಬರುವ ವಿಷಯವಲ್ಲ.

ಇನ್ನು ಮಕ್ಕಳ ಮಾತು. ಅಪ್ಪನ ಮನೆ, ಅಮ್ಮನ ಉಳಿತಾಯ ಯಾರಿಗೆ ಸೇರೀತು ಎಂಬ ಅಳುಕು ಅಲ್ಲಿಯೂ ಇದೆ. ಅದಕ್ಕಾಗಿ ಮದುವೆಗೆ ಮುಂಚೆಯೇ ಕರಾರು ಬರೆದುಕೊಳ್ಳುವವರಿದ್ದಾರೆ. ಕಾನೂನು ಇನ್ನೊಂದು ಗಂಟು ಹಾಕಿದೆ. ಅಲ್ಲಿನ ಸಾಮಾಜಿಕ ಭದ್ರತೆಯ ನಿಯಮದಂತೆ, ತೀರಿಕೊಂಡ ಸಂಗಾತಿಯ ಲೆಕ್ಕದಲ್ಲಿ ಬರಬೇಕಾದ ಪಿಂಚಣಿ, 60 ತುಂಬುವ ಮೊದಲು ಮರುಮದುವೆಯಾದವರಿಗೆ ಸಾಮಾನ್ಯವಾಗಿ ಆ ಮದುವೆ ಇರುವತನಕ ಸಿಗದು. 60ರ ನಂತರ ಆದರೆ ಅಡ್ಡಿಯಿಲ್ಲ. 58ರ ವಿಧವೆಯೊಬ್ಬಳು ಏನು ಮಾಡಬೇಕು? ಎರಡು ವರ್ಷ ಕಾಯಬೇಕು, ಇಲ್ಲವೇ ಮದುವೆಯಿಲ್ಲದೆ ಒಂದೇ ಗಾಡಿಯಲ್ಲಿ ಬಾಳಬೇಕು. ಹಾಗೆ ಬಾಳಿದರೆ, ದಾರಿಯಲ್ಲಿ ಒಬ್ಬರು ಪ್ರಜ್ಞೆ ತಪ್ಪಿ ಆಸ್ಪತ್ರೆ ಸೇರಿದಾಗ ನಿರ್ಧಾರದ ಹಕ್ಕು ಹಲವು ರಾಜ್ಯಗಳಲ್ಲಿ ದೂರದಲ್ಲಿರುವ ವಯಸ್ಕ ಮಕ್ಕಳದೇ ಹೊರತು ಪಕ್ಕದಲ್ಲಿ ನಿಂತವರದಲ್ಲ. ಬಲ್ಲವರು ಅಧಿಕಾರ ಪತ್ರ ಬರೆಸಿ ಗಾಡಿಯಲ್ಲೇ ಇಟ್ಟಿರುತ್ತಾರೆ.

ವಯಸ್ಸಾದವರ ಆಯ್ಕೆ ದುಡುಕಿನದು ಎಂಬ ಮಕ್ಕಳ ವಾದವನ್ನು ನಾನು ಪೂರ್ತಿ ಒಪ್ಪಲಾರೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಲಾರಾ ಕಾರ್ಸ್ಟೆನ್ಸನ್ ಬಹುಕಾಲದಿಂದ ಹೇಳುತ್ತ ಬಂದಿರುವುದು ಇದು: ಮುಂದಿರುವ ಕಾಲ ಸ್ವಲ್ಪವೇ ಎಂದು ಅರಿವಾದಾಗ ಮನುಷ್ಯ ಪರಿಚಯಗಳ ಬಳಗವನ್ನು ಕಿರಿದುಮಾಡಿ, ಮನಸ್ಸಿಗೆ ನಿಜವಾಗಿ ಬೇಕಾದವರನ್ನೇ ಉಳಿಸಿಕೊಳ್ಳುತ್ತಾನೆ. ಇಪ್ಪತ್ತರ ಹರೆಯದವರು ನಾಳೆಗಾಗಿ ಆರಿಸುತ್ತಾರೆ, ಎಪ್ಪತ್ತರವರು ಇಂದಿಗಾಗಿ.

ಹಾಗೆಂದು ಇದೆಲ್ಲ ಮಧುಚಂದ್ರವೆಂದು ಬಗೆಯಬೇಡಿ. 2008ರ ಆರ್ಥಿಕ ಕುಸಿತದಲ್ಲಿ ಮನೆ ಕಳೆದುಕೊಂಡು ಅನ್ಯಮಾರ್ಗವಿಲ್ಲದೆ ಗಾಡಿ ಹತ್ತಿದ ವೃದ್ಧರೂ ಇದ್ದಾರೆ. ಸಕ್ಕರೆ ಬೀಟಿನ ಸುಗ್ಗಿಯಲ್ಲಿ, ಗೋದಾಮುಗಳಲ್ಲಿ ದುಡಿಯುವ ಅವರ ಬದುಕನ್ನು ಜೆಸ್ಸಿಕಾ ಬ್ರೂಡರ್ 2017ರಲ್ಲಿ 'ನೊಮ್ಯಾಡ್‌ಲ್ಯಾಂಡ್' ಎಂಬ ಪುಸ್ತಕವಾಗಿ ಬರೆದರು. ಅದರ ಚಲನಚಿತ್ರಕ್ಕೆ 2021ರಲ್ಲಿ ಆಸ್ಕರ್ ಬಂತು.

ಗಾಡಿ ಎಳೆಯುವ ಶಕ್ತಿ ಉಡುಗಿದ ದಿನ ಏನು ಗತಿ? ಜೋ ಮತ್ತು ಕೇ ಪೀಟರ್ಸನ್ ದಂಪತಿಗಳು 1978ರಲ್ಲಿ ಕಟ್ಟಿದ 'ಎಸ್ಕೇಪೀಸ್' ಎಂಬ ಪ್ರಯಾಣಿಕರ ಸಂಘಕ್ಕೆ ಈ ಪ್ರಶ್ನೆ ಎದುರಾಯಿತು. ಟೆಕ್ಸಾಸಿನ ಲಿವಿಂಗ್‌ಸ್ಟನ್ನಿನಲ್ಲಿ ಇಂಥವರಿಗಾಗಿ ಒಂದು ಆರೈಕೆ ಕೇಂದ್ರವನ್ನೇ ತೆರೆದರು. ಅಲ್ಲಿಗೆ ಬಂದವರು ವೃದ್ಧಾಶ್ರಮದ ಕೋಣೆ ಸೇರಬೇಕಿಲ್ಲ. ತಮ್ಮ ಟ್ರೇಲರನ್ನೇ ಅಂಗಳದಲ್ಲಿ ನಿಲ್ಲಿಸಿ, ಊಟ ಮತ್ತು ಹಗಲಿನ ಆರೈಕೆಯನ್ನು ಕೇಂದ್ರದಿಂದ ಪಡೆದು, ರಾತ್ರಿ ಇಬ್ಬರೂ ಕೂಡಿ ದೇಶ ಸುತ್ತಿದ ಅದೇ ಗಾಡಿಯ ಅದೇ ಮಂಚಕ್ಕೆ ಮರಳಬಹುದು.