ಗದ್ದೆ ಕ್ರಿಕೆಟ್‌ಗೂ ಬೇಕು ಒಳ್ಳೆಯ ಅಂಪೈರ್, ಸ್ಕೋರರ್

ಕಾಸರಗೋಡು: ಭತ್ತದ ಕೊಯ್ಲು ಮುಗಿದು ಗದ್ದೆ ಒಣಗಿತೆಂದರೆ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಊರೂರಲ್ಲಿ ಕ್ರಿಕೆಟ್ ಪಂದ್ಯಾಟಗಳ ಕಾಲ. ಟ್ರೋಫಿ, ನಗದು ಬಹುಮಾನ, ಮೈಕ್, ಪೆಂಡಾಲ್ ಎಲ್ಲವನ್ನೂ ಸಂಘಟಕರು ವಾರದ ಮೊದಲೇ ಸಜ್ಜುಗೊಳಿಸುತ್ತಾರೆ. ಕೊನೆಯ ಗಳಿಗೆಯಲ್ಲಿ ಹುಡುಕಾಟ ಶುರುವಾಗುವುದು ಅಂಪೈರ್ ಮತ್ತು ಸ್ಕೋರರ್‌ಗಳಿಗಾಗಿ. ಸಂಬಳವಿಲ್ಲದ, ಬಿಸಿಲಲ್ಲಿ ನಿಂತು ಎರಡೂ ಕಡೆಯವರಿಂದ ಬೈಸಿಕೊಳ್ಳುವ ಈ ಕೆಲಸಕ್ಕೆ ಮುಂದೆ ಬರುವವರು ಕಡಿಮೆ. ಆದರೆ ಕೊನೆಯ ಓವರಿನಲ್ಲಿ ಒಂದು ರನ್ನಿನ ತಕರಾರು ಎದ್ದಾಗ ಎರಡು ಊರುಗಳ ಸ್ನೇಹ ಉಳಿಯುವುದು ಇವರಿಂದಲೇ.

ಇಬ್ಬರು ಅಂಪೈರ್, ಎರಡು ಕೆಲಸ

ಕ್ರಿಕೆಟ್ ನಿಯಮಗಳನ್ನು ರೂಪಿಸುವುದು ಲಂಡನ್ನಿನ ಎಂಸಿಸಿ. ಒಟ್ಟು 42 ನಿಯಮಗಳಿದ್ದು, ಎರಡನೆಯದು ಅಂಪೈರ್‌ಗಳಿಗೆ, ಮೂರನೆಯದು ಸ್ಕೋರರ್‌ಗಳಿಗೆ ಮೀಸಲು. ಪಂದ್ಯಕ್ಕೆ ಇಬ್ಬರು ಅಂಪೈರ್‌ಗಳಿರಬೇಕು, ಅವರು ಸಂಪೂರ್ಣ ನಿಷ್ಪಕ್ಷಪಾತಿಗಳಾಗಿರಬೇಕು ಎನ್ನುತ್ತದೆ ನಿಯಮ. ಬ್ಯಾಟಿಂಗ್ ಮಾಡುವ ತಂಡದವರೇ ಅಂಪೈರ್ ಆಗಿ ನಿಲ್ಲುವ ಊರ ರೂಢಿಯೇ ಅರ್ಧ ಜಗಳಗಳ ಮೂಲ. ಆ ಹೊತ್ತಿನಲ್ಲಿ ಆಟವಿಲ್ಲದ ಮೂರನೇ ತಂಡದಿಂದ ಇಬ್ಬರನ್ನು ನಿಲ್ಲಿಸಿದರೆ ಖರ್ಚಿಲ್ಲದೆ ಇದಕ್ಕೆ ಪರಿಹಾರ ಸಿಗುತ್ತದೆ.

ಬೌಲರ್ ತುದಿಯ ಅಂಪೈರ್ ನೋಬಾಲ್, ವೈಡ್, ಎಲ್‌ಬಿಡಬ್ಲ್ಯು, ಕ್ಯಾಚ್‌ಗಳನ್ನು ನೋಡುತ್ತಾರೆ. ಸ್ಕ್ವೇರ್ ಲೆಗ್‌ನಲ್ಲಿ ನಿಲ್ಲುವವರ ಪಾಲಿಗೆ ಸ್ಟಂಪಿಂಗ್, ಹಿಟ್ ವಿಕೆಟ್, ತಮ್ಮ ಬದಿಯ ರನೌಟ್. ಇಲ್ಲಿ ಅನೇಕರು ತಪ್ಪುವ ಸಂಗತಿಯೊಂದಿದೆ. ಬ್ಯಾಟ್ ಕ್ರೀಸ್ ಗೆರೆಯ ಮೇಲಿದ್ದರೆ ಸಾಲದು, ಗೆರೆ ದಾಟಿ ಒಳಗಿರಬೇಕು. ಗೆರೆಯ ಮೇಲಷ್ಟೇ ಇದ್ದರೆ ಔಟ್. ಹಾಗಾಗಿ ಸುಣ್ಣದ ಗೆರೆಯನ್ನು ಪ್ರತಿ ಪಂದ್ಯಕ್ಕೂ ಮೊದಲು ಹೊಸದಾಗಿ ಎಳೆಯುವುದು ಒಳ್ಳೆಯದು.

ಫೀಲ್ಡಿಂಗ್ ತಂಡದವರು ಕೇಳದೆ ಅಂಪೈರ್ ಔಟ್ ಕೊಡುವಂತಿಲ್ಲ. ಮುಂದಿನ ಎಸೆತಕ್ಕೆ ಬೌಲರ್ ಓಟ ಆರಂಭಿಸುವ ಮೊದಲೇ ಅವರು ಮನವಿ ಮಾಡಿರಬೇಕು. ತಪ್ಪಿತೆಂದು ಕಂಡರೆ ಅಂಪೈರ್ ತಡಮಾಡದೆ ತೀರ್ಪು ಬದಲಿಸಬಹುದು, ಅದಕ್ಕೆ ನಾಚಿಕೆ ಪಡಬೇಕಾಗಿಲ್ಲ. ಎಸೆತ ಎಣಿಸಲು ಆರು ಬೆಣಚುಕಲ್ಲು ಸಾಕು. ಒಂದೊಂದು ಎಸೆತಕ್ಕೂ ಒಂದು ಕಲ್ಲನ್ನು ಒಂದು ಕಿಸೆಯಿಂದ ಇನ್ನೊಂದು ಕಿಸೆಗೆ ಹಾಕುತ್ತಾ ಹೋದರೆ ಏಳನೇ ಎಸೆತದ ಗಲಾಟೆ ಬಾರದು.

ಕೈಸನ್ನೆಗೆ ಗಡಿಯಿಲ್ಲ

ಕನ್ನಡ, ತುಳು, ಮಲಯಾಳಂ ಮೂರೂ ಕೇಳಿಬರುವ ನಮ್ಮ ಮೈದಾನಗಳಲ್ಲಿ ಅಂಪೈರ್‌ನ ಕೈಸನ್ನೆ ಎಲ್ಲರಿಗೂ ಅರ್ಥವಾಗುವ ಮಾತು. ಬೌಂಡರಿ, ಸಿಕ್ಸರ್, ವೈಡ್ ಎಲ್ಲರಿಗೂ ಗೊತ್ತು. ತೆರೆದ ಅಂಗೈಯನ್ನು ತಲೆಯ ಮೇಲೆತ್ತಿದರೆ ಬೈ. ಮೊಣಕಾಲೆತ್ತಿ ಅದನ್ನು ಕೈಯಿಂದ ಮುಟ್ಟಿದರೆ ಲೆಗ್ ಬೈ. ಅದೇ ಬದಿಯ ಭುಜವನ್ನು ಬೆರಳ ತುದಿಯಿಂದ ಮುಟ್ಟಿದರೆ ಓಟ ಪೂರ್ಣವಾಗಿಲ್ಲ, ಆ ರನ್ ಇಲ್ಲ. ಎರಡೂ ಭುಜಗಳನ್ನು ಎದುರು ಕೈಗಳಿಂದ ಮುಟ್ಟಿದರೆ ಹಿಂದಿನ ಸನ್ನೆ ರದ್ದು.

ಪ್ರತಿ ಸನ್ನೆಗೂ ಸ್ಕೋರರ್ ಕೂಡಲೇ ಕೈ ಎತ್ತಿ ಉತ್ತರಿಸಬೇಕು. ಉತ್ತರ ಬರುವ ಮೊದಲು ಅಂಪೈರ್ ಮುಂದಿನ ಎಸೆತಕ್ಕೆ ಬಿಡಬಾರದು. ಊರಿನ ಪಂದ್ಯಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದು ಇದೊಂದೇ. ಲೆಕ್ಕ ತಪ್ಪಲು ಮುಖ್ಯ ಕಾರಣವೂ ಇದೇ. ಸ್ಕೋರರ್ ಮೈಕಿನವರ ಪಕ್ಕ ಹರಟುತ್ತಾ ಕೂರದೆ, ಅಂಪೈರ್‌ಗೆ ಕಾಣುವಲ್ಲಿ ಕುಳಿತುಕೊಳ್ಳಬೇಕು.

ಲೆಕ್ಕ ತಾಳೆ ನೋಡುವ ಬಗೆ

ಸ್ಕೋರ್ ಪುಸ್ತಕದಲ್ಲಿ ಪ್ರತಿ ರನ್ ಎರಡು ಕಡೆ ದಾಖಲಾಗುತ್ತದೆ. ಒಂದು ಬ್ಯಾಟಿಂಗ್ ಪುಟದಲ್ಲಿ, ಇನ್ನೊಂದು ಬೌಲಿಂಗ್ ಪುಟದಲ್ಲಿ. ವೈಡ್, ನೋಬಾಲ್ ದಂಡದ ರನ್‌ಗಳು ಬೌಲರ್ ತಲೆಗೆ ಬೀಳುತ್ತವೆ. ಬೈ, ಲೆಗ್ ಬೈಗಳು ಬೀಳುವುದಿಲ್ಲ.

ಒಂದು ಉದಾಹರಣೆ. ದಾಂಡಿಗರೆಲ್ಲ ಸೇರಿ 41 ರನ್ ಹೊಡೆದಿದ್ದಾರೆ. ವೈಡ್ 4, ನೋಬಾಲ್ 2, ಬೈ 3, ಲೆಗ್ ಬೈ 1, ಒಟ್ಟು ಇತರೆ 10. ತಂಡದ ಮೊತ್ತ 51. ಈಗ ಬೌಲಿಂಗ್ ಪುಟ ನೋಡಿ. ಬೌಲರ್‌ಗಳು ಕೊಟ್ಟದ್ದು 41 ಮತ್ತು 6, ಅಂದರೆ 47. ಅದಕ್ಕೆ ಬೈ, ಲೆಗ್ ಬೈ 4 ಸೇರಿಸಿದರೆ ಮತ್ತೆ 51. ಎರಡೂ ತಾಳೆಯಾದರೆ ಲೆಕ್ಕ ಸರಿ. ಆಗದಿದ್ದರೆ ಎಲ್ಲೋ ಒಂದು ಎಸೆತ ತಪ್ಪಿದೆ. ಪ್ರತಿ ಓವರ್ ಮುಗಿದಾಗ ಹೀಗೆ ನೋಡಿದರೆ ಹುಡುಕಬೇಕಾದದ್ದು ಆರೇ ಎಸೆತಗಳಲ್ಲಿ. ವೈಡ್ ಆದ ಚೆಂಡು ನೇರ ಬೌಂಡರಿಗೆ ಹೋದರೆ ಐದು ವೈಡ್ ಎಂದು ಬರೆಯಬೇಕು, ನಾಲ್ಕಲ್ಲ.

ಪುಸ್ತಕದ ಬೆಲೆ ತಿಳಿಯಲು ನಮ್ಮ ಕುಂಬಳೆಯ ಹೆಸರು ಹೊತ್ತ ಅನಿಲ್ ಕುಂಬ್ಳೆ ಅವರ ಸಾಧನೆಯನ್ನೇ ನೋಡಬಹುದು. 1999ರ ಫೆಬ್ರವರಿ 7ರಂದು ದೆಹಲಿಯಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ ಪಡೆದಾಗ ಅವರ ಲೆಕ್ಕ 26.3-9-74-10. ಅಂದರೆ 26 ಓವರ್, ಮೂರು ಎಸೆತ, 9 ಮೇಡನ್, 74 ರನ್, 10 ವಿಕೆಟ್. ಬಿಂದುವಿನ ನಂತರದ ಮೂರು ದಶಮಾಂಶವಲ್ಲ, ಎಸೆತ. ಒಟ್ಟು 159 ಎಸೆತಗಳು. ಆ ಹತ್ತರಲ್ಲಿ ಮೂರು ಎಲ್‌ಬಿಡಬ್ಲ್ಯು. ಆ ಪಂದ್ಯದ ಇಬ್ಬರು ಅಂಪೈರ್‌ಗಳಲ್ಲಿ ಒಬ್ಬರು ಕರ್ನಾಟಕದ ಎ.ವಿ. ಜಯಪ್ರಕಾಶ್.

ಟಾಸ್‌ಗೆ ಮೊದಲೇ ಮಾತಾಗಲಿ

ಎಂಸಿಸಿ ನಿಯಮದಂತೆ ಅಂಡರ್ ಆರ್ಮ್ ಬೌಲಿಂಗ್‌ಗೆ ಅವಕಾಶ ಸಿಗುವುದು ಪಂದ್ಯಕ್ಕೆ ಮೊದಲು ವಿಶೇಷ ಒಪ್ಪಂದವಾಗಿದ್ದರೆ ಮಾತ್ರ. ಫ್ರೀ ಹಿಟ್ ಕೂಡ ಆ 42 ನಿಯಮಗಳಲ್ಲಿ ಇಲ್ಲ, ಅದು ಆಯಾ ಪಂದ್ಯಾವಳಿಯ ಷರತ್ತು. ಆದ್ದರಿಂದ ಎಲ್‌ಬಿಡಬ್ಲ್ಯು ಇದೆಯೇ, ಫ್ರೀ ಹಿಟ್ ಇದೆಯೇ, ತೆಂಗಿನ ಮರಕ್ಕೆ ಚೆಂಡು ತಾಗಿದರೆ ಎಷ್ಟು ರನ್, ತೋಡಿಗೆ ಬಿದ್ದರೆ ಏನು ಎಂಬುದನ್ನೆಲ್ಲ ಇಬ್ಬರು ನಾಯಕರ ಎದುರು ಮೊದಲೇ ಹೇಳಿ, ಸ್ಕೋರ್ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಬೇಕು.

2022ರ ಅಕ್ಟೋಬರ್ 1ರಿಂದ ಬಂದ ಎರಡು ಬದಲಾವಣೆಗಳೂ ನೆನಪಿರಲಿ. ಕ್ಯಾಚ್ ಔಟ್ ಆದಾಗ ಓಡುತ್ತಿದ್ದ ದಾಂಡಿಗರು ಪರಸ್ಪರ ದಾಟಿದ್ದರೂ, ಓವರ್ ಮುಗಿದಿರದಿದ್ದರೆ, ಹೊಸಬರೇ ಮುಂದಿನ ಎಸೆತ ಎದುರಿಸಬೇಕು. ಚೆಂಡು ಎಸೆಯುವ ಮೊದಲೇ ಕ್ರೀಸ್ ಬಿಟ್ಟ ನಾನ್ ಸ್ಟ್ರೈಕರ್‌ನನ್ನು ಬೌಲರ್ ಔಟ್ ಮಾಡುವುದು ಈಗ ‘ಅನುಚಿತ ಆಟ’ದ ನಿಯಮದಡಿ ಇಲ್ಲ, ರನೌಟ್ ನಿಯಮದಡಿ ಇದೆ.

ಪಂದ್ಯ ಮುಗಿದ ಮೇಲೆ ಅಂಪೈರ್‌ಗಳು ಸ್ಕೋರರ್‌ಗಳೊಂದಿಗೆ ಕುಳಿತು ರನ್, ವಿಕೆಟ್, ಓವರ್ ಒಪ್ಪಿಕೊಳ್ಳಬೇಕು. ಹಾಗೆ ಒಪ್ಪಿದ ನಂತರ ಫಲಿತಾಂಶ ಬದಲಾಗದು. ಬಹುಮಾನ ವಿತರಣೆಗೆ ಕರೆಯುವುದು ಇದಾದ ಬಳಿಕವೇ.

ಕಲಿಯಲು ಮನಸ್ಸಿದ್ದವರಿಗೆ ದಾರಿಯಿದೆ. ನಿಯಮಗಳು ಎಂಸಿಸಿ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ರಾಜ್ಯ ಕ್ರಿಕೆಟ್ ಸಂಸ್ಥೆಗಳು ಅಂಪೈರ್‌ಗಳಿಗೆ ಪರೀಕ್ಷೆಯನ್ನೂ ನಡೆಸುತ್ತವೆ. ಆಟ ನಿಲ್ಲಿಸಿದ ಹಿರಿಯ ಆಟಗಾರರು, ಲೆಕ್ಕದಲ್ಲಿ ಚುರುಕಾದ ಶಾಲಾ ಮಕ್ಕಳು, ಹೆಣ್ಣುಮಕ್ಕಳು ಯಾರೂ ಈ ಕೆಲಸ ಮಾಡಬಹುದು. ಸಂಘಟಕರು ಅವರಿಗೆ ನೆರಳಿನಲ್ಲೊಂದು ಮೇಜು, ಹೊತ್ತಿಗೆ ಸರಿಯಾಗಿ ಊಟ ಕೊಟ್ಟು, ಬಹುಮಾನ ವಿತರಣೆಯ ವೇದಿಕೆಯಲ್ಲಿ ಅವರ ಹೆಸರನ್ನೂ ಕರೆದರೆ ಮುಂದಿನ ವರ್ಷ ಹುಡುಕಾಡುವ ಕಷ್ಟ ಇರಲಾರದು.