ಮಾತಿನ ಸರದಿ

ಕಳೆದ ಶ್ರಾವಣದ ಒಂದು ಭಾನುವಾರ ನನ್ನ ನಾಲ್ವರು ವಿದ್ಯಾರ್ಥಿಗಳು ನಮ್ಮ ಜಗುಲಿಯ ಮೇಜಿನ ಸುತ್ತ ಕುಳಿತು 'ಡಂಜನ್ಸ್ ಅಂಡ್ ಡ್ರಾಗನ್ಸ್' ಆಡುತ್ತಿದ್ದರು. 1974ರಲ್ಲಿ ಅಮೆರಿಕದ ಗೈಗ್ಯಾಕ್ಸ್ ಮತ್ತು ಆರ್ನೆಸನ್ ಎಂಬಿಬ್ಬರು ಹೊರತಂದ ಆಟವಿದು. ಸೂತ್ರಧಾರನು ಸನ್ನಿವೇಶವನ್ನು ಹೇಳುವನು. ಉಳಿದವರು ಒಂದೊಂದು ಪಾತ್ರವಾಗಿ ಮಾತಿನಲ್ಲೇ ಮುಂದುವರಿಯುವರು. ಸಂದೇಹ ಬಂದೆಡೆ 20 ಮುಖಗಳ ದಾಳವು ತೀರ್ಪು ಕೊಡುವುದು.

ಅವರಲ್ಲೊಬ್ಬ ವಾಚಾಳಿ. ಬಾಗಿಲು ತೆರೆಯುವವನೂ ಅವನೇ, ಕಾವಲುಗಾರನೊಡನೆ ವಾದಿಸುವವನೂ ಅವನೇ. ಕೆಡುಕಿನಿಂದಲ್ಲ, ಉತ್ಸಾಹದಿಂದ. ಸೂತ್ರಧಾರ ಗದರಿದ, ಅವನು ಮುನಿದ, ಆಟ ಮುರಿಯಿತು. ಮೂಲೆಯಲ್ಲಿದ್ದ ಹುಡುಗಿ ಸಂಜೆಯೆಲ್ಲ ಬಾಯಿ ತೆರೆದಿರಲಿಲ್ಲವೆಂಬುದನ್ನು ಯಾರೂ ಗಮನಿಸಲಿಲ್ಲ.

ನನಗೆ ನಮ್ಮ ತಾಳಮದ್ದಳೆ ನೆನಪಾಯಿತು. ಅಲ್ಲಿಯೂ ವೇಷವಿಲ್ಲ, ಕುಣಿತವಿಲ್ಲ. ಕುಳಿತೇ ಮಾತಿನಲ್ಲಿ ಪಾತ್ರವನ್ನು ಕಟ್ಟಬೇಕು. ಅರ್ಥಧಾರಿಯು ಮಾತನ್ನು ಅತಿಯಾಗಿ ಬೆಳೆಸಿದರೆ ಭಾಗವತರು ಗದರುವುದಿಲ್ಲ. ಮುಂದಿನ ಪದ್ಯವನ್ನು ಎತ್ತುತ್ತಾರೆ. ಸರದಿ ತಾನಾಗಿ ಎದುರಿನವನಿಗೆ ಸಲ್ಲುತ್ತದೆ. ಮಾತುಗಾರನನ್ನು ಅಡಗಿಸುವುದಕ್ಕಿಂತ ಮೌನಿಗೆ ಎಡೆಮಾಡಿಕೊಡುವುದು ಲೇಸಲ್ಲವೆ? ಹುಡುಗರಿಗೆ ಇಷ್ಟನ್ನು ಹೇಳಿದೆ.

ಮರುವಾರ ಸೂತ್ರಧಾರ ಗದರಲಿಲ್ಲ. "ಅವನು ಕಾವಲುಗಾರನೊಡನೆ ಮಾತಾಡುತ್ತಿರಲಿ, ಅಷ್ಟರಲ್ಲಿ ನೀನೇನು ಮಾಡುವೆ?" ಎಂದು ಆ ಹುಡುಗಿಯನ್ನು ಹೆಸರಿಟ್ಟು ಕೇಳಿದ. ಆಕೆ ಕ್ಷಣ ತಡೆದು, "ಕಾವಲುಗಾರನ ಸೊಂಟದ ಬೀಗದಕೈಯನ್ನು ಕದಿಯುವೆ" ಎಂದಳು. ಎಲ್ಲರಿಗಿಂತ ಗಟ್ಟಿಯಾಗಿ ಚಪ್ಪಾಳೆ ತಟ್ಟಿದವನು ಆ ವಾಚಾಳಿಯೇ!

ನಾನಾದರೋ 18 ವರ್ಷಗಳಿಂದ ತರಗತಿಯಲ್ಲಿ ಒಬ್ಬನೇ ಮಾತಾಡುತ್ತ ಬಂದವನು. ಸೋಮವಾರ ಪಾಠದ ನಡುವೆ ಮಾತು ನಿಲ್ಲಿಸಿ, ಕೊನೆಯ ಬೆಂಚಿನತ್ತ ತಿರುಗಿದೆ.