ಗೋಡೆ ಒಡೆಯುವ ಖರ್ಚು

1995ರಿಂದ 2001ರವರೆಗೆ ಈಗಿನ ಜಿಎಸ್‌ಕೆ ಕಂಪನಿ ಹೊಸ ಆಂಟಿಬಯೋಟಿಕ್ ಹುಡುಕಲು 70 ಸಾಮೂಹಿಕ ಶೋಧಗಳನ್ನು ನಡೆಸಿತು. ಲಕ್ಷಗಟ್ಟಲೆ ರಾಸಾಯನಿಕಗಳನ್ನು ಯಂತ್ರಕ್ಕೆ ಕೊಟ್ಟು ಜರಡಿ ಹಿಡಿಯುವ ಕೆಲಸ ಅದು. ಶೋಧವೊಂದಕ್ಕೆ ಸುಮಾರು 10 ಲಕ್ಷ ಡಾಲರ್‌ನಂತೆ ಒಟ್ಟು 7 ಕೋಟಿ. ಮುಂದಕ್ಕೆ ಒಯ್ಯಲು ಯೋಗ್ಯವಾಗಿ ಉಳಿದದ್ದು 5 ಸುಳಿವು. ಅಂದರೆ ಒಂದೊಂದು ಸುಳಿವಿಗೆ 1.4 ಕೋಟಿ ಡಾಲರ್, ಅದೂ ರೋಗಿಯ ಹತ್ತಿರ ಸುಳಿಯುವ ಮೊದಲೇ.

ದಾಳಿ ಮಾಡಲು ಜಾಗಗಳಿಗೇನೂ ಬರವಿಲ್ಲ. ಬ್ಯಾಕ್ಟೀರಿಯಾದ ಕೋಶಭಿತ್ತಿ ಪೆಪ್ಟಿಡೋಗ್ಲೈಕಾನ್ ಎಂಬ ಜಾಲ. ಮನುಷ್ಯನ ಜೀವಕೋಶಕ್ಕೆ ಅಂಥ ಗೋಡೆಯೇ ಇಲ್ಲ. ಹಾಗಾಗಿ ಪೆನಿಸಿಲಿನ್ ಗೋಡೆ ಕಟ್ಟುವ ಕಿಣ್ವವನ್ನು ಹಿಡಿದರೂ ನಮಗೆ ನೋವಾಗುವುದಿಲ್ಲ. ಅನುಕೂಲ ಪರಿಸ್ಥಿತಿಯಲ್ಲಿ ಇ. ಕೊಲೈ ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. 7 ಗಂಟೆಗೆ 21 ಸುತ್ತು, ಒಂದು ಕೋಶದಿಂದ 20,97,152. ಪ್ರತಿ ಸುತ್ತಿನಲ್ಲೂ ಮಧ್ಯೆ ಹೊಸ ಗೋಡೆ ಏಳಲೇಬೇಕು. ಅದಕ್ಕೆ ಜಾಗ ಗುರುತಿಸುವ ಉಂಗುರ ಎಫ್‌ಟಿಎಸ್‌ಝಡ್ ಎಂಬ ಪ್ರೋಟೀನಿನದು. ಆ ಉಂಗುರ ಪತ್ತೆಯಾದದ್ದು 1991ರಲ್ಲಿ. 2008ರಲ್ಲಿ ಪಿಸಿ190723 ಎಂಬ ಸಂಯುಕ್ತ ಆ ಪ್ರೋಟೀನನ್ನು ಹಿಡಿದು, ಸ್ಟ್ಯಾಫಿಲೊಕಾಕಸ್ ಸೋಂಕಿನಿಂದ ಇಲಿಗಳನ್ನು ಉಳಿಸಿತು. ಇಲಿಯಿಂದ ಔಷಧಿ ಅಂಗಡಿಗೆ ದಾರಿ ಇನ್ನೂ ಉದ್ದವೇ ಇದೆ.

ಹಾಗೆಂದು ವಿಭಜನೆಯನ್ನು ತಡೆಯುವ ಔಷಧಿಯೇ ಇಲ್ಲ ಎನ್ನುವಂತಿಲ್ಲ. 1986ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಅಜ್ಟ್ರಿಯೋನಾಮ್ ಹಿಡಿಯುವುದು ವಿಭಜನೆಯ ಜಾಗದಲ್ಲಿ ಗೋಡೆ ಹೆಣೆಯುವ ಕಿಣ್ವವನ್ನೇ. ಕೋಶ ಎರಡಾಗಲಾರದೆ ದಾರದಂತೆ ಉದ್ದಕ್ಕೆ ಬೆಳೆಯುತ್ತದೆ, ಕೊನೆಗೆ ಸಾಯುತ್ತದೆ. ಗೋಡೆ, ವಿಭಜನೆ ಎಂದು ಪ್ರತ್ಯೇಕ ಖಾತೆ ತೆರೆದದ್ದು ನಾವು; ಬ್ಯಾಕ್ಟೀರಿಯಾಕ್ಕೆ ಎರಡೂ ಒಂದೇ ಕಾಮಗಾರಿ.

ಪ್ರಯೋಗಾಲಯದಲ್ಲಿ ಗೆದ್ದ ಸಂಯುಕ್ತಗಳು ಸೋಲುವುದು ಬಹುಪಾಲು ಬಾಗಿಲಲ್ಲೇ. ಗ್ರಾಮ್-ನೆಗೆಟಿವ್ ಬ್ಯಾಕ್ಟೀರಿಯಾಕ್ಕೆ ಭಿತ್ತಿಯ ಹೊರಗೆ ಇನ್ನೊಂದು ಪೊರೆ ಇದೆ. ಒಳನುಸುಳಿದ್ದನ್ನು ಆಚೆ ನೂಕುವ ಪಂಪುಗಳೂ ಇವೆ. ಪರೀಕ್ಷಾನಳಿಕೆಯಲ್ಲಿ ಕಿಣ್ವಕ್ಕೆ ಅಂಟಿದ ಅಣು ಜೀವಂತ ಕೋಶದ ಒಳಗೆ ಕಾಲಿಡಲಾರದು. 2024ರಲ್ಲಿ ರೋಶ್ ಪ್ರಕಟಿಸಿದ ಝೊಸುರಾಬಲ್ಪಿನ್ ಆ ಹೊರಪೊರೆಯ ಸಾಮಗ್ರಿ ಸಾಗಿಸುವ ಯಂತ್ರವನ್ನೇ ಕೆಡಿಸುತ್ತದೆ. ಸುಮಾರು 45,000 ಅಣುಗಳನ್ನು ಸೋಸಿದ ಹುಡುಕಾಟದ ಫಲ ಅದು, ನಡೆಯುವುದು ಮುಖ್ಯವಾಗಿ ಅಸಿನೆಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಮೇಲೆ.

ಇಷ್ಟೆಲ್ಲ ಸುರಿದ ಹಣ ಮರಳುತ್ತದೆಯೇ? ಹೊಸ ಔಷಧಿಯನ್ನು ವೈದ್ಯರು ಕೊನೆಯ ಅಸ್ತ್ರವಾಗಿ ಬೀರುವಿನಲ್ಲಿಡುತ್ತಾರೆ. ವೈದ್ಯಕೀಯವಾಗಿ ಅದು ಸರಿ, ಕಂಪನಿಗೆ ದಿವಾಳಿ. ಅಕಾಜನ್ ಕಂಪನಿ 2018ರ ಜೂನ್‌ನಲ್ಲಿ ಪ್ಲಾಝೊಮೈಸಿನ್‌ಗೆ ಅನುಮತಿ ಪಡೆದು, 2019ರ ಏಪ್ರಿಲ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಇಂಗ್ಲೆಂಡ್ ಇದಕ್ಕೆ ಕಂಡುಕೊಂಡ ದಾರಿ ಚಂದಾ. 2022ರಲ್ಲಿ, ಗೋಡೆಯ ಮೇಲೆ ದಾಳಿ ಮಾಡುವ ಸೆಫಿಡೆರೊಕಾಲ್, ಸೆಫ್ಟಾಝಿಡೀಮ್-ಅವಿಬ್ಯಾಕ್ಟಾಮ್ ಎರಡಕ್ಕೂ ಎಷ್ಟು ಸೀಸೆ ಖರ್ಚಾದರೂ ವರ್ಷಕ್ಕೆ ತಲಾ 1 ಕೋಟಿ ಪೌಂಡ್‌ವರೆಗೆ ಕೊಡುವ ಒಪ್ಪಂದ ಮಾಡಿಕೊಂಡಿತು. ಪೌಂಡಿಗೆ 100 ರೂಪಾಯಿ ಹಿಡಿದರೆ ತಲಾ 100 ಕೋಟಿ ರೂಪಾಯಿ. ಭಾರತದಲ್ಲಿ ಈ ಲೆಕ್ಕ ಸುಲಭವಾಗಿ ಕೂರದು. ನಮ್ಮಲ್ಲಿ ಎಷ್ಟೋ ಸೀಸೆಗಳ ಬಿಲ್ ಕಟ್ಟುವುದು ರೋಗಿಯ ಮನೆಯವರು. ಆದರೂ ಅಣು ಇಲ್ಲಿಂದಲೂ ಹೊರಟಿದೆ: ಚೆನ್ನೈನ ಆರ್ಕಿಡ್ ಫಾರ್ಮಾ ಕಂಡುಹಿಡಿದ ಎನ್ಮೆಟಾಝೊಬ್ಯಾಕ್ಟಾಮ್, ಸೆಫೆಪಿಮ್ ಎಂಬ ಆಂಟಿಬಯೋಟಿಕ್ ಜೊತೆಗೂಡಿ 2024ರ ಫೆಬ್ರವರಿಯಲ್ಲಿ ಅಮೆರಿಕದ ಅನುಮತಿ ಪಡೆಯಿತು.